ಹಾರ ಹಾಕಿದರೆ ಸಾಲದು



ಐದನೇ ತರಗತಿ ಮುಗಿಸಿದ ಮಕ್ಕಳಿಗೆ ನಾವೆಲ್ಲ ಹಾರ ಹಾಕಿ ಲಾಡು ಹಂಚಿದೆವು. ಸಂತೋಷವೇ. ಆದರೆ ಜೂನ್ ತಿಂಗಳಲ್ಲಿ ಇವರಲ್ಲಿ ಆರನೇ ತರಗತಿಗೆ ಸೇರುವವರೆಷ್ಟು ಎಂದು ಎಣಿಸುತ್ತೇವೆಯೇ?

ನೀಲಗಿರಿಯ ನಮ್ಮ ಲೈನುಗಳ ಹತ್ತಿರದ ಶಾಲೆ ಐದಕ್ಕೇ ಮುಗಿಯಿತು. 1951ರ ತೋಟ ಕಾರ್ಮಿಕರ ಕಾಯಿದೆ ಮಾಲೀಕರ ಹೊಣೆಯ ಮಾತೆತ್ತಿದ್ದು 6ರಿಂದ 12 ವರ್ಷದ ಮಕ್ಕಳ ಓದಿಗೆ ಮಾತ್ರ. 2009ರ ಶಿಕ್ಷಣ ಹಕ್ಕು ಕಾಯಿದೆ 14 ವರ್ಷದವರೆಗೆ ಉಚಿತ, ಕಡ್ಡಾಯ ಎಂದಿತು. ಹಕ್ಕು ಬಂತು, ಬೆಟ್ಟದ ಮೇಲಕ್ಕೆ ಬಸ್ಸು ಬರಲಿಲ್ಲ.

ದೊರೆಗಳನ್ನಷ್ಟೇ ದೂರಿದರೆ ನ್ಯಾಯವಲ್ಲ. ಕೂಸು ನೋಡಿಕೊಳ್ಳಲೆಂದು ಹುಡುಗಿಯನ್ನು ಮನೆಯಲ್ಲಿ ನಿಲ್ಲಿಸುವವರು ನಾವೇ. ಹಾರ ಬಾಡುವ ಮೊದಲೇ ಬಸ್ಸಿಗೆ ಅರ್ಜಿ ಬರೆಯೋಣ, ಹೆಬ್ಬೆಟ್ಟಾದರೂ ಒತ್ತೋಣ. ಹುಡುಗಿಯ ಹೆಸರನ್ನೂ ಆರನೇ ತರಗತಿಗೆ ಬರೆಸೋಣ. ಹಬ್ಬ ಮಾಡುವುದು ಆಮೇಲೆ.