ಬಿಸ್ಕತ್ತು ಕೊಟ್ಟು ಕಳಿಸಿದರೆ ಸಾಲದು

ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಗ್ರಾಮ ಪಂಚಾಯ್ತಿಗಳಿಗೆ ಸರ್ಕಾರದ ಆದೇಶವಿದೆ. ಎಷ್ಟೋ ಕಡೆ ಅದು ಶಾಮಿಯಾನ, ಬಿಸ್ಕತ್ತು, ಭಾಷಣ, ಫೋಟೋಗೆ ಮುಗಿಯುತ್ತದೆ. ಮಕ್ಕಳು ಶೌಚಾಲಯ ಕೇಳುತ್ತಾರೆ, ಬಸ್ಸು ಕೇಳುತ್ತಾರೆ. ‘ಆಯ್ತು ಮರಿ, ಬರ್ಕೊಂಡಿದೀವಿ, ಕೂತ್ಕೊ’ ಎನ್ನುತ್ತಾರೆ ದೊಡ್ಡವರು.

ಬಾಯಿಬಿಟ್ಟು ಕೇಳಲಾರದ ಮಗುವಿನ ಗತಿ ಏನು ಸ್ವಾಮಿ? ಅಪ್ಪ ತೀರಿಹೋಗಿ ಕೂಲಿಗೆ ಹೊರಟ ಹುಡುಗ, ಮದುವೆ ಗೊತ್ತಾಗಿ ಶಾಲೆ ಬಿಟ್ಟ ಹುಡುಗಿ ಮೈಕಿನ ಮುಂದೆ ಬರುವುದಿಲ್ಲ. ಬಾಲ್ಯವಿವಾಹ ಅಸಿಂಧು ಎಂದು ಕರ್ನಾಟಕದ 2016ರ ತಿದ್ದುಪಡಿ ಹೇಳುತ್ತದೆ. ಪಂಚಾಯ್ತಿಯ ಪಿಡಿಓ ಕೂಡ ಅದನ್ನು ತಡೆಯಬೇಕಾದ ಅಧಿಕಾರಿಯೇ. ಆದರೆ ಸುದ್ದಿ ಮುಟ್ಟಿಸುವವರು ಯಾರು? ಶ್ರವಣಬೆಳಗೊಳದ ಮಗ್ಗುಲಿನ ಜಿನನಾಥಪುರದಂಥ ಊರಿನಲ್ಲಿ ಯಾವ ಮನೆಯ ಒಲೆ ಹತ್ತಲಿಲ್ಲ ಅನ್ನೋದು ಹಾಸನದ ಕಚೇರಿಗಿಂತ ಮೊದಲು ಅಂಗನವಾಡಿ ಕಾರ್ಯಕರ್ತೆಗೆ, ಮೇಷ್ಟರಿಗೆ ಗೊತ್ತಾಗುತ್ತದೆ.

ಪಂಚಾಯ್ತಿಯವರು ಸಭೆಗೆ ಮುಂಚೆ ಶಾಲೆಯ ಹಾಜರಿ ಪುಸ್ತಕ ನೋಡಲಿ. ಬಾರದ ಮಕ್ಕಳ ಮನೆಗೆ ಹೋಗಲಿ. ಗಂಡ ಸತ್ತ ತಾಯಿಗೆ ಪಿಂಚಣಿ ಅರ್ಜಿ ಬರೆಸಿಕೊಡಲಿ. ಮನೆಗೆ ನಾಲ್ಕು ಕಾಸು ಬಂದರೆ ಮಗ ಶಾಲೆಗೆ ಬಂದಾನು. ಹೆಸರಿಲ್ಲದ ಚೀಟಿ ಹಾಕಲು ಶಾಲೆಯಲ್ಲೊಂದು ಡಬ್ಬ ಇಡಲಿ. 1098 ನಂಬರು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಲಿ. ಹೋದ ವರ್ಷ ಕೇಳಿದ್ದರಲ್ಲಿ ಏನಾಯ್ತು, ಏನಾಗಲಿಲ್ಲ, ಯಾಕಾಗಲಿಲ್ಲ ಎಂಬುದನ್ನು ಮಕ್ಕಳ ಮುಂದೆಯೇ ಓದಲಿ.

ಶಾಂತಿನಾಥ ಬಸದಿಯ ಹೊಯ್ಸಳ ಶಿಲ್ಪ ನೋಡಲು ಪರಸ್ಥಳದವರು ಬರುತ್ತಾರೆ. ಹಿಂದಿನ ಬೀದಿಯ ಮಗುವಿನ ಕಷ್ಟ ನೋಡಲು ಊರಿನವರೇ ಹೋಗಬೇಕು.