ಎಡೆದೊರೆ ನಾಡೂ ಬಲವಾದಿಗಳ ಸಿದ್ಧಾಂತವೂ

ರಾಜ್ಯ ರಾಜ್ಯಗಳ ನಡುವೆ ಧರ್ಮವೆಂಬದಿಲ್ಲ, ಬಲವೊಂದೇ ಉಂಟು ಎಂಬ ಮಾತು ಈಚೆಗೆ ವಿದ್ಯಾವಂತರ ಮನೆಗಳಲ್ಲಿಯೂ ನಿಸ್ಸಂಕೋಚವಾಗಿ ಕೇಳಿಬರುತ್ತಲಿದೆ. ವೃತ್ತಪತ್ರಿಕೆಯನ್ನು ಓದಿ ಮಡಿಚಿಡುವಾಗ ಹಿರಿಯರು ಅದನ್ನು ಹೇಳುತ್ತಾರೆ. ಕಾಲೇಜಿನಿಂದ ಊರಿಗೆ ಬಂದ ತರುಣರು ಅದಕ್ಕೆ ಪಾಶ್ಚಾತ್ಯ ಪಂಡಿತರ ಹೆಸರುಗಳನ್ನು ಕೂಡಿಸುತ್ತಾರೆ. ನದಿಯ ಮಾತು ಬಂತೆಂದರಂತೂ ಸಿದ್ಧಾಂತವು ಆವೇಶವಾಗಿ ಪರಿಣಮಿಸುತ್ತದೆ. “ಅಣೆಕಟ್ಟು ನಮ್ಮ ನೆಲದಲ್ಲಿದೆ, ಬಾಗಿಲ ಕೀಲಿ ನಮ್ಮ ಕೈಯಲ್ಲಿದೆ, ಕೆಳಗಿನವರಿಗೆ ಲೆಕ್ಕ ಕೊಡುವದೇತಕ್ಕೆ?” ಎಂಬ ಪ್ರಶ್ನೆಯು ಮಾನ್ವಿ, ರಾಯಚೂರುಗಳ ಕಡೆಯಲ್ಲಿ ಅಪರೂಪವಾದುದಲ್ಲ. ಈ ಸಿದ್ಧಾಂತವು ಲೋಕದಲ್ಲಿ ಬೇರೆ ಎಲ್ಲಿ ನಿಂತರೂ ಎಡೆದೊರೆ ನಾಡಿನಲ್ಲಿ ನಿಲ್ಲಲಾರದು. ಹಿರೇಕೊಟ್ನೆಕಲ್ಲಿನಂಥ ಊರಿನಲ್ಲಿ ಅದನ್ನು ಆಡುವವನು ತಾನು ಕುಳಿತ ಕೊಂಬೆಯನ್ನೇ ಕಡಿಯುತ್ತಾನೆ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಕ್ರಿಸ್ತಪೂರ್ವ 416ರಲ್ಲಿ ಅಥೆನ್ಸಿನವರು ಮೆಲೋಸ್ ಎಂಬ ಸಣ್ಣ ದ್ವೀಪಕ್ಕೆ ಹಡಗುಗಳನ್ನು ಒಯ್ದು, ಸಮಬಲರ ನಡುವೆ ಮಾತ್ರ ನ್ಯಾಯದ ಮಾತು ಸಲ್ಲುವದು, ದುರ್ಬಲನು ಸಹಿಸಬೇಕಾದುದೇ ಸರಿ ಎಂದು ವಾದಿಸಿದರೆಂದು ಥ್ಯುಸಿಡಿಡೀಸನು ಬರೆದಿದ್ದಾನೆ. 1948ರಲ್ಲಿ ಮಾರ್ಗೆಂಥಾ ಎಂಬ ಪಂಡಿತನು ರಾಜಕಾರಣವೆಲ್ಲವೂ ಅಧಿಕಾರಕ್ಕಾಗಿ ನಡೆವ ಹೋರಾಟವೆಂದು ಪ್ರತಿಪಾದಿಸಿದನು. 1979ರಲ್ಲಿ ವಾಲ್ಟ್ಜ್ ಎಂಬವನು, ರಾಜ್ಯಗಳ ಮೇಲೆ ಒಡೆಯನಿಲ್ಲದ್ದರಿಂದ ಪ್ರತಿಯೊಂದೂ ತನ್ನ ರಕ್ಷಣೆಯನ್ನು ತಾನೇ ನೋಡಿಕೊಳ್ಳಬೇಕಾಗುವದು, ಇದು ಮನುಷ್ಯರ ದುಷ್ಟತನದಿಂದಲ್ಲ, ವ್ಯವಸ್ಥೆಯ ಸ್ವಭಾವದಿಂದಲೇ ಎಂದನು. ಇಷ್ಟು ಸಾಲದೆ ಬಲವಾದಿಗಳು ಕೌಟಿಲ್ಯನನ್ನೂ ಸಾಕ್ಷಿಗೆ ಎಳೆತರುತ್ತಾರೆ. ನೆರೆಯ ಅರಸನೇ ಶತ್ರು, ಅವನ ಆಚೆಯವನು ಮಿತ್ರ ಎಂಬ ಮಂಡಲದ ಲೆಕ್ಕವನ್ನು ಹೇಳಿ, “ನೋಡಿರಿ, ನಿಮ್ಮ ಶಾಸ್ತ್ರವೇ ಇದನ್ನು ಹೇಳಿದೆ” ಎಂದು ಬಾಯಿ ಮುಚ್ಚಿಸುತ್ತಾರೆ.

ಆದರೆ ಈ ಸಾಕ್ಷಿಯು ವಾದಿಗೇ ತಿರುಗಿಬೀಳುವಂಥದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರವನ್ನು ಅಚ್ಚುಹಾಕಿಸಿ ಬೆಳಕಿಗೆ ತಂದದ್ದು 1909ರಲ್ಲಿ. ಅಂದಿನಿಂದ ಅದನ್ನು ಓದಿದವರಿಗಿಂತ ಅದರ ಹೆಸರು ಹೇಳುವವರೇ ಹೆಚ್ಚು. ಕೌಟಿಲ್ಯನ ಷಾಡ್ಗುಣ್ಯದಲ್ಲಿ ಮೊದಲನೆಯ ಗುಣವು ಯಾವದು? ಸಂಧಿ. ವಿಗ್ರಹವು ಎರಡನೆಯದು. ಸಂಧಿಯಿಂದಲೂ ವಿಗ್ರಹದಿಂದಲೂ ಸಮನಾದ ವೃದ್ಧಿಯು ದೊರೆಯುವಂತಿದ್ದರೆ ಸಂಧಿಯನ್ನೇ ಹಿಡಿಯಬೇಕೆಂದು ಅವನ ನಿರ್ಣಯ. ಯುದ್ಧದಲ್ಲಿ ಜನನಷ್ಟ, ಹಣದ ವೆಚ್ಚ, ಪರದೇಶವಾಸ, ಪಾಪ ಇವು ತಪ್ಪವೆಂದು ಕಾರಣವನ್ನೂ ಕೊಟ್ಟಿದ್ದಾನೆ. ಇನ್ನೂ ಒಂದು ವಿಷಯವುಂಟು. ಆಣೆಭಾಷೆಗಳಿಂದಾದ ಸಂಧಿಯು ನೆಚ್ಚತಕ್ಕದ್ದಲ್ಲ, ಜಾಮೀನು ಅಥವಾ ಒತ್ತೆಯಾಳು ಇದ್ದರೆ ಮಾತ್ರ ನಿಲ್ಲುವದೆಂದು ಪೂರ್ವಾಚಾರ್ಯರು ಹೇಳಿದ್ದರು. ಕೌಟಿಲ್ಯನು ಇದನ್ನು ಖಂಡಿಸಿ, ಸತ್ಯ ಶಪಥಗಳ ಸಂಧಿಯೇ ಇಹಪರಗಳೆರಡರಲ್ಲಿಯೂ ಸ್ಥಿರವಾದುದು, ಒತ್ತೆಯ ಸಂಧಿಯು ಬಲವನ್ನು ಆಶ್ರಯಿಸಿದ್ದರಿಂದ ಇಲ್ಲಿ ಮಾತ್ರ ಸಲ್ಲುವದು ಎಂದನು. ಬಲದ ಮೇಲೆ ನಿಂತದ್ದು ಬಲವು ಕುಂದಿದೊಡನೆ ಬೀಳುವದೆಂಬದನ್ನು ಬಲವಾದಿಗಳ ಗುರುವೆನಿಸಿದವನೇ ಕಂಡಿದ್ದನು.

ಇನ್ನು ಶಾಸ್ತ್ರವನ್ನು ಬಿಟ್ಟು ನೆಲವನ್ನೇ ಕೇಳೋಣ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವುಗಳ ನಡುವಣ ಭೂಮಿಯೇ ಎಡೆದೊರೆ ನಾಡು, ಚರಿತ್ರಕಾರರ ರಾಯಚೂರು ದೋಆಬು. ಬಲದ ಸಿದ್ಧಾಂತವನ್ನು ಪರೀಕ್ಷಿಸುವದಕ್ಕೆ ಇಷ್ಟು ದೀರ್ಘಕಾಲ ಒದಗಿದ ಭೂಮಿಯು ಭರತಖಂಡದಲ್ಲಿ ವಿರಳ. ವಿಜಯನಗರವೂ ಬಹಮನಿ ರಾಜ್ಯವೂ ಹದಿನಾಲ್ಕನೆಯ ಶತಮಾನದಲ್ಲಿ ಹುಟ್ಟಿದಂದಿನಿಂದ 1565ರ ವರೆಗೆ, ಎಂದರೆ ಎರಡು ಶತಮಾನಗಳ ಕಾಲ, ಮುದಗಲ್ಲು ರಾಯಚೂರುಗಳ ಕೋಟೆಗಳು ಒಬ್ಬರ ಕೈಯಿಂದ ಒಬ್ಬರ ಕೈಗೆ ಮಗುಚುತ್ತಲೇ ಇದ್ದವು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರನ್ನು ಗೆದ್ದನು. ಕನ್ನಡಿಗರು ಇಂದಿಗೂ ಹೆಮ್ಮೆಪಡುವ ಗೆಲವು ಅದು. ಆದರೆ 1529ರಲ್ಲಿ ರಾಯನು ತೀರಿದ ಸ್ವಲ್ಪ ಕಾಲದಲ್ಲಿಯೇ ಅದೇ ಇಸ್ಮಾಯಿಲನು ಆ ಕೋಟೆಯನ್ನು ಮರಳಿ ಪಡೆದನು. ಅದೇ ವಿಜಯನಗರದ ಅರಸರು ತುಂಗಭದ್ರೆಗೆ ಒಡ್ಡು ಕಟ್ಟಿಸಿ ತೋಡಿಸಿದ ಕಾಲುವೆಗಳಾದರೋ ಹೊಸಪೇಟೆ ಹಂಪೆಗಳ ಗದ್ದೆಗಳಿಗೆ ಇಂದಿಗೂ ನೀರುಣಿಸುತ್ತಿವೆ. ಕತ್ತಿಯಿಂದ ಗಳಿಸಿದ್ದು ಒಂದು ತಲೆಮಾರೂ ಬಾಳಲಿಲ್ಲ, ಗುದ್ದಲಿಯಿಂದ ಗಳಿಸಿದ್ದು ಶತಮಾನಗಳನ್ನು ದಾಟಿತು.

ಬಲಸಾಮ್ಯದ ಚತುರತೆಯನ್ನೂ ಈ ನಾಡು ಕಂಡಿದೆ. ಅಳಿಯ ರಾಮರಾಯನು ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟಿ ವರ್ಷಗಟ್ಟಲೆ ಆಡಿಸಿದನು. ಇಂದಿನ ಪಂಡಿತರು ಇದನ್ನು ಪುಸ್ತಕದಲ್ಲಿ ಉದಾಹರಣೆಯಾಗಿ ಬರೆದುಕೊಳ್ಳಬಹುದಾಗಿತ್ತು. ಫಲವೇನು? ಪರಸ್ಪರ ಹಗೆಗಳಾಗಿದ್ದವರು ಅವನ ಭಯದಿಂದಲೇ ಒಂದಾಗಿ 1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಗಳ ಬಯಲಿನಲ್ಲಿ ಅವನನ್ನು ಮುಗಿಸಿದರು. ಮೆಲೋಸಿಗೆ ಉಪದೇಶ ಮಾಡಿದ ಅಥೆನ್ಸೂ ಕ್ರಿಸ್ತಪೂರ್ವ 404ರಲ್ಲಿ ಸ್ಪಾರ್ಟಾಕ್ಕೆ ಶರಣಾಗತವಾಯಿತು. ತನ್ನ ಬಲವೇ ತನಗೆ ಶತ್ರುಗಳನ್ನು ಕೂಡಿಹಾಕುವದೆಂಬ ಅಂಕಿಯನ್ನು ಬಲವಾದಿಯು ತನ್ನ ಲೆಕ್ಕದಲ್ಲಿ ಹಿಡಿಯುವದೇ ಇಲ್ಲ.

ಇಷ್ಟು ರಕ್ತಪಾತದ ನಡುವೆಯೂ ಕಟ್ಟಳೆಯ ಬೀಜವಿದ್ದಿತೆಂಬದನ್ನು ಮರೆಯಲಾಗದು. 1366ರ ಸುಮಾರಿಗೆ ಮುದಗಲ್ಲಿನ ನಿಮಿತ್ತದಿಂದ ಮಹಮ್ಮದ್ ಶಾಹನಿಗೂ ಬುಕ್ಕರಾಯನಿಗೂ ನಡೆದ ಭೀಕರ ಯುದ್ಧದ ಕೊನೆಯಲ್ಲಿ, ಕಾಳಗದಲ್ಲಿ ಇಲ್ಲದವರನ್ನು ಇನ್ನು ಮುಂದೆ ಕೊಲ್ಲಕೂಡದೆಂದು ಮಾತಾಯಿತೆಂದು ಫೆರಿಷ್ತನು ಬರೆದಿಟ್ಟಿದ್ದಾನೆ. ಮುಂದೆ ಆ ಮಾತು ಮುರಿದದ್ದೂ ಉಂಟು. ಆದರೆ ಮಾತೇ ಆಗದಿದ್ದರೆ ಕೊಲೆಯು ಬರಿಯ ಕೊಲೆಯಾಗಿ ಹೋಗುತ್ತಿದ್ದಿತು. ಮಾತಾದ್ದರಿಂದ ಅದು ವಚನಭಂಗವೆಂದು ಬರಹದಲ್ಲಿ ಉಳಿಯಿತು.

ನೀರು ಎಡೆದೊರೆಗೆ ಬಂದದ್ದು ಹೇಗೆ? 1876–78ರ ಡೊಗಿ ಬರವು ಈ ಸೀಮೆಯನ್ನು ಸುಟ್ಟ ಮೇಲೂ ತುಂಗಭದ್ರೆಗೆ ದೊಡ್ಡ ಕಟ್ಟೆಯಾಗಲಿಲ್ಲ. ಒಂದು ದಂಡೆ ನಿಜಾಮನದು, ಇನ್ನೊಂದು ದಂಡೆ ಮದ್ರಾಸಿನದು. ಒಬ್ಬನೇ ಕಟ್ಟುವಂತಿಲ್ಲ, ಇಬ್ಬರೂ ಒಪ್ಪುವಂತಿಲ್ಲ. ಇಬ್ಬರ ಮೇಲೂ ಬ್ರಿಟಿಷರ ಪರಮಾಧಿಕಾರವು ಇದ್ದೇ ಇದ್ದಿತು. ಆದರೂ ದಶಕಗಳು ಉರುಳಿದವು. 1944ರ ಜೂನಿನಲ್ಲಿ ತಲಾ 65 ಟಿ.ಎಂ.ಸಿ. ನೀರೆಂದು ಅಳತೆಯನ್ನು ಇಬ್ಬರೂ ಒಪ್ಪಿದರು, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 1945ರ ಫೆಬ್ರವರಿ 28ರಂದು ಎರಡು ದಂಡೆಗಳಲ್ಲಿಯೂ ಅಡಿಗಲ್ಲು ಬಿದ್ದಿತು. ಅದಾದ ಮೂರೂವರೆ ವರ್ಷಗಳಲ್ಲಿ ನಿಜಾಮನ ಆಳಿಕೆಯೇ ಮುಗಿಯಿತು. ಮದ್ರಾಸು ಪ್ರಾಂತವು ಒಡೆಯಿತು. ಒಪ್ಪಂದಕ್ಕೆ ಸಹಿ ಮಾಡಿದ ಸರಕಾರಗಳಾವವೂ ಉಳಿಯಲಿಲ್ಲ. ಕೆಲಸವು ಮಾತ್ರ ನಿಲ್ಲದೆ 1953ರಲ್ಲಿ ಕಾಲುವೆಗೆ ನೀರು ಬಂದಿತು. ಎರಡು ಶತಮಾನಗಳ ಕಾಳಗವು ರೈತನ ಹೊಲಕ್ಕೆ ಒಂದು ಬಿಂದಿಗೆ ನೀರನ್ನೂ ತರಲಿಲ್ಲ. ಒಂದು ಕಾಗದವು ಹೊಳೆಯನ್ನೇ ತಿರುಗಿಸಿತು.

“ಕಾಗದವು ಬಲಿಷ್ಠನನ್ನು ಕಟ್ಟಲಾರದು” ಎಂದು ಎದುರುವಾದಿಯು ಹೇಳುವನು. 1920ರಲ್ಲಿ ಹುಟ್ಟಿದ ರಾಷ್ಟ್ರಸಂಘವು ಎರಡನೆಯ ಮಹಾಯುದ್ಧವನ್ನು ತಡೆಯಲಾರದೆ ಹೋಯಿತು. 1960ರ ಸಿಂಧೂ ಜಲ ಒಪ್ಪಂದವನ್ನು 2025ರ ಏಪ್ರಿಲಿನಲ್ಲಿ ಪಹಲ್ಗಾಮಿನ ಹತ್ಯಾಕಾಂಡದ ಮರುದಿನವೇ ಭಾರತವು ಅಮಾನತ್ತಿನಲ್ಲಿಟ್ಟಿತು. ಇವು ನಿಜವಾದ ಸಂಗತಿಗಳೇ. ಆದರೆ ಆ ಸಿಂಧೂ ಒಪ್ಪಂದವು 1965, 1971, 1999ರ ಕಾಳಗಗಳನ್ನು ದಾಟಿ ಅರುವತ್ತು ವರ್ಷಗಳಿಗೂ ಮಿಕ್ಕಿ ನಡೆದದ್ದನ್ನು ಬಲವಾದಿಯು ಯಾವ ಸೂತ್ರದಿಂದ ವಿವರಿಸುವನು? ಮರಣವಿದೆಯೆಂದು ವೈದ್ಯಶಾಸ್ತ್ರವು ಸುಳ್ಳಾಗುವದೆ? 1895ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಮುಖ್ಯ ನ್ಯಾಯವಾದಿ ಹಾರ್ಮನ್ ಎಂಬವನು, ರಿಯೋ ಗ್ರಾಂಡೆ ನದಿಯ ಮೇಲ್ಭಾಗವು ತಮ್ಮದಾದ್ದರಿಂದ ಮೆಕ್ಸಿಕೋ ದೇಶಕ್ಕೆ ನೀರು ಕೊಡುವ ಹಂಗು ತಮಗಿಲ್ಲವೆಂದು ಅಭಿಪ್ರಾಯ ಬರೆದನು. ಬಲವೆಲ್ಲವೂ ಅವನ ಪಕ್ಷದಲ್ಲಿಯೇ ಇದ್ದಿತು. ಆದರೂ 1906ರಲ್ಲಿ ಅದೇ ರಾಷ್ಟ್ರವು ವರ್ಷಕ್ಕೆ 60,000 ಎಕರೆ-ಅಡಿ ನೀರನ್ನು ಮೆಕ್ಸಿಕೋಕ್ಕೆ ಬಿಡಲು ಒಪ್ಪಿ ಸಹಿ ಹಾಕಿತು. ನೆರೆಯವನನ್ನು ನಿತ್ಯ ನೋಡಬೇಕಾದವನಿಗೆ ಬಲವೊಂದೇ ಸಾಲದು.

ಇನ್ನು ಮಾನ್ವಿಯ ಕಡೆಗೆ ಬರೋಣ. ವಾದದ ಪ್ರಾಣವು ಇಲ್ಲಿದೆ. ಮಾನ್ವಿ ತಾಲೂಕಿನ ರಾಜೋಳಿಬಂಡದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಒಂದು ಒಡ್ಡು ಇದೆ. ಹೈದರಾಬಾದ್ ಸಂಸ್ಥಾನವಿದ್ದಾಗ ಒಂದೇ ರಾಜ್ಯದ ಕಾಲುವೆಯಾಗಿ ಹೊರಟ ಅದನ್ನು 1956ರ ಗಡಿಯು ಎರಡಾಗಿ ಕಡಿಯಿತು. ಬಚಾವತ್ ನ್ಯಾಯಮಂಡಳಿಯು ಅದಕ್ಕೆ ಗೊತ್ತುಮಾಡಿದ 17.1 ಟಿ.ಎಂ.ಸಿ.ಯಲ್ಲಿ ಕರ್ನಾಟಕದ ಪಾಲು 1.2, ಉಳಿದ 15.9 ಕೆಳಗಿನವರದು, ಅಂದರೆ ಈಗ ತೆಲಂಗಾಣದ ಗದ್ವಾಲ ಆಲಂಪುರಗಳ ಕಡೆಯ 87,500 ಎಕರೆಗಳದು. ಇಲ್ಲಿ ಮಾನ್ವಿಯು ಮೇಲಿನದು. ಕೀಲಿಯು ಅದರ ನೆಲದಲ್ಲಿದೆ. ಬಲವಾದಿಯು ಮೀಸೆ ತಿರುವುವದು ಇಲ್ಲಿಯೇ.

ಅದೇ ಮಾನ್ವಿಯು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎಲ್ಲಿದೆ? 227 ಕಿಲೋಮೀಟರು ಉದ್ದದ ಆ ಕಾಲುವೆಯ ಕೆಳಭಾಗದಲ್ಲಿದೆ. ಯೋಜನೆಯನ್ನು ಕಲ್ಪಿಸಿದವರು ಜೋಳ, ಹತ್ತಿ, ಶೇಂಗಾಗಳಂಥ ಮಿತನೀರಿನ ಬೆಳೆಗಳಿಗೆಂದು ಬಹುಭಾಗದ ನೀರನ್ನು ಹಂಚಿದ್ದರು. ಮೇಲಿನ ಗಂಗಾವತಿ ಸಿಂಧನೂರುಗಳ ಸೀಮೆಯಲ್ಲಿ ಭತ್ತವು ಗೊತ್ತಾದ ಎಲ್ಲೆಯನ್ನು ಮೀರಿ ಹಬ್ಬಿತು. ಅನಧಿಕೃತ ತೂಬುಗಳೂ ಪಂಪುಗಳೂ ಹೆಚ್ಚಿದವು. ಮಾನ್ವಿ ರಾಯಚೂರುಗಳ ಕೆಳಭಾಗದ ರೈತನು, ಇಂತಿಷ್ಟನೆಯ ಮೈಲಿನಲ್ಲಿ ಇಂತಿಷ್ಟು ಅಡಿ ಗೇಜು ಕಾಯಿರಿ ಎಂದು ರಸ್ತೆಯಲ್ಲಿ ಕುಳಿತು ಬೇಡಬೇಕಾಯಿತು. ಅವನು ಆಗ ಏನನ್ನು ಬೇಡುತ್ತಾನೆ? ಬಲವನ್ನಲ್ಲ, ಅಳತೆಯನ್ನು, ಮೊದಲು ಒಪ್ಪಿದ ಲೆಕ್ಕವನ್ನು. “ಕಾಲುವೆಯು ಮೊದಲು ನಮ್ಮ ಹೊಲದ ಮೇಲೆ ಹರಿಯುತ್ತದೆ, ನಿಮಗೆ ಲೆಕ್ಕ ಕೊಡುವದೇತಕ್ಕೆ?” ಎಂದು ಮೇಲಿನವನು ಕೇಳಿದರೆ ಅದು ಅನ್ಯಾಯವೆಂದು ಮಾನ್ವಿಯು ಕೂಗುವದು, ಆ ಕೂಗು ಸತ್ಯವಾದುದು. ಹಾಗಾದರೆ ಅದೇ ಮಾತನ್ನು ರಾಜೋಳಿಬಂಡದಲ್ಲಿ ನಿಂತು ಗದ್ವಾಲದವನಿಗೆ ಹೇಳುವದು ಹೇಗೆ ನ್ಯಾಯವಾದೀತು? ಮೂಡಣಕ್ಕೆ ತಿರುಗಿ ಬಲವಾದಿ, ಪಡುವಣಕ್ಕೆ ತಿರುಗಿ ಧರ್ಮವಾದಿ, ಹೀಗೆ ಎರಡು ಮುಖಗಳನ್ನು ಇಟ್ಟುಕೊಂಡವನ ಅರ್ಜಿಯನ್ನು ಯಾವ ನ್ಯಾಯಪೀಠವು ಕೇಳೀತು? ಲೋಕದಲ್ಲಿ ಪ್ರತಿಯೊಬ್ಬನೂ ಒಬ್ಬನಿಗೆ ಮೇಲೆ, ಇನ್ನೊಬ್ಬನಿಗೆ ಕೆಳಗೆ ಇರುತ್ತಾನೆ. ತಾನು ಎಂದೂ ಕೆಳಗಿನವನಾಗುವದಿಲ್ಲವೆಂಬ ಭ್ರಮೆಯೇ ಬಲವಾದದ ಮೂಲಾಧಾರವು.

ಹಾಗೆಂದ ಮಾತ್ರಕ್ಕೆ ಬರಿಯ ಮೈತ್ರಿಯ ಉಪನ್ಯಾಸ ಮಾಡುವವರ ಪಕ್ಷವೂ ನಿಲ್ಲುವಂಥದಲ್ಲ. “ಎಲ್ಲರೂ ಅಣ್ಣತಮ್ಮಂದಿರು” ಎಂದು ಹಾರ ಹಾಕಿ ಎದ್ದುಹೋದರೆ ನೀರು ಹರಿಯದು. ಅಣ್ಣತಮ್ಮಂದಿರೇ ಹೊಲದ ಬದುವಿಗಾಗಿ ಕೋರ್ಟು ಹತ್ತುವದನ್ನು ಊರೂರಿನಲ್ಲಿ ಕಾಣುತ್ತೇವೆ. ಕೊಹೇನ್ ಎಂಬ ಪಂಡಿತನು 1984ರಲ್ಲಿ ಬರೆದ ಗ್ರಂಥದ ತಾತ್ಪರ್ಯವು ಇಲ್ಲಿ ಉಪಯುಕ್ತವಾಗಿದೆ: ಮನಸ್ಸುಗಳು ಒಂದಾಗಿದ್ದಲ್ಲಿ ಸಹಕಾರದ ಅವಶ್ಯಕತೆಯೇ ಇಲ್ಲ, ವಿರೋಧವಿರುವಲ್ಲಿಯೇ ಅದು ಬೇಕಾದದ್ದು, ಅದಕ್ಕೆ ಪ್ರೀತಿಗಿಂತ ಸಂಸ್ಥೆ, ನಿಯಮ, ಪರಸ್ಪರ ತಿಳಿವಳಿಕೆಗಳು ಹೆಚ್ಚು ಅಗತ್ಯ. 1953ರ ಆಂಧ್ರ ರಾಜ್ಯದ ಕಾಯಿದೆಯಿಂದ ಹುಟ್ಟಿದ ತುಂಗಭದ್ರಾ ಮಂಡಲಿಯು ಅಂಥದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ, ಮೂರು ರಾಜ್ಯಗಳ ಬೆಳೆಯು ಒಂದೇ ಕಿಂಡಿಯಲ್ಲಿ ಹರಿದುಹೋಗತೊಡಗಿತು. ಬಲದಿಂದ ಅದನ್ನು ಮುಚ್ಚುವಂತಿದ್ದಿತೆ? ಹೊಸಪೇಟೆಯ ಸುತ್ತಲಿನ ಕಾರ್ಖಾನೆಗಳಲ್ಲಿ ಉಕ್ಕಿನ ಹಲಗೆಗಳು ಸಿದ್ಧವಾದವು. ಎಂಜಿನಿಯರರೂ ಕೂಲಿಯವರೂ ಹರಿಯುವ ನೀರಿನಲ್ಲಿಯೇ ಒಂದು ವಾರದೊಳಗೆ ಅವನ್ನು ಇಳಿಸಿದರು. ಆ ವಾರದಲ್ಲಿ ಯಾರೂ ವಾಲ್ಟ್ಜನನ್ನು ನೆನೆಯಲಿಲ್ಲ.

ಆದರೆ ಮಂಡಲಿಯು ಇರುವದಷ್ಟರಿಂದಲೇ ತೃಪ್ತರಾಗುವಂತಿಲ್ಲ. ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಆ ನಷ್ಟವನ್ನು ತುಂಬಲು ಕರ್ನಾಟಕವು ನವಲಿಯಲ್ಲಿ ಕಟ್ಟಬೇಕೆಂದಿರುವ ಸಮತೋಲನ ಜಲಾಶಯಕ್ಕೆ ಕೆಳಗಿನ ರಾಜ್ಯಗಳ ಒಪ್ಪಿಗೆಯು ಬೇಕು. ರಾಜೋಳಿಬಂಡದ ಒಡ್ಡಿನ ದುರಸ್ತಿಗೆ ತೆಲಂಗಾಣವು ಆತುರಪಟ್ಟರೆ, ಆಂಧ್ರವು ಆಕ್ಷೇಪಿಸಿ ಕೆಲಸವು ತಡೆದು ನಿಂತದ್ದೂ ಉಂಟು. ಒಬ್ಬೊಬ್ಬನ ಕೈಯಲ್ಲಿ ಒಂದೊಂದು ತಡೆ. ಯಾರ ಕೈಯಲ್ಲಿಯೂ ನೀರಿಲ್ಲ. ಬಲವಾದದ ಪರಿಪೂರ್ಣ ರಾಜ್ಯವು ಇದೇ.

ಆದುದರಿಂದ ಎಡೆದೊರೆಯವರು ಕೇಳಬೇಕಾದದ್ದು ಇಷ್ಟು. ಕಾಲುವೆಯ ಗೇಜನ್ನು ಮೇಲಿನವರೂ ಕೆಳಗಿನವರೂ ಕೂಡಿ ಓದಲಿ, ಓದಿದ ಅಂಕಿಯು ದಿನದಿನವೂ ಎಲ್ಲರಿಗೂ ಪ್ರಕಟವಾಗಲಿ. ಗಂಗಾವತಿಗೂ ಮಾನ್ವಿಗೂ, ಮಾನ್ವಿಗೂ ಗದ್ವಾಲಕ್ಕೂ ಒಂದೇ ಅಳತೆಗೋಲಿರಲಿ. ಅಳತೆಯನ್ನು ಮುರಿದವನಿಗೆ ದಂಡವಿರಲಿ; ಆ ದಂಡಕ್ಕೆ ಬಲವು ಬೇಕು, ಬಲಕ್ಕೆ ನ್ಯಾಯವಾದ ಉಪಯೋಗವು ಅದೇ. ರಾಯಚೂರಿನ ಕೋಟೆಯನ್ನು ಗೆದ್ದವರೆಲ್ಲರೂ ಹೋದರು, ಕೋಟೆಯ ಕಲ್ಲು ಉಳಿದಿದೆ. ಆ ಕಲ್ಲನ್ನು ನೋಡಿಯೂ ಬಲದ ಪಾಠವನ್ನೇ ಮಕ್ಕಳಿಗೆ ಹೇಳಿಕೊಡುವವರು, ನಾಳೆ ಮೇಲಿನವನು ತೂಬನ್ನು ಮುಚ್ಚಿದಾಗ ಯಾವ ಬಾಯಿಂದ ನ್ಯಾಯವನ್ನು ಕೇಳುವರೆಂಬದನ್ನು ಇಂದೇ ವಿಚಾರಿಸಿಕೊಳ್ಳಲಿ.