‘ಆಟ ಅಲ್ಲೇನ, ಬಿಡು’ ಅನ್ನೋದನ್ನ ಮೊದಲ ಬಿಡ್ರಿ

ಹೋದ ಶ್ರಾವಣ ಶುಕ್ರವಾರ ಅರಿಷಿಣ-ಕುಂಕುಮಕ್ಕ ನೀವೆಲ್ಲಾ ನಮ್ಮನಿಗೆ ಬಂದಿದ್ರಿ. ನಮ್ಮ ಹುಡುಗ ಮೂಲ್ಯಾಗ ಮೊಬೈಲ್ ಹಿಡಕೊಂಡು ಕಣ್ಣಾಗ ನೀರ ತಗದು ಕೂತಿದ್ದ. “ಏನಾತೋ?” ಅಂದ್ರ “ಗೇಮ್‌ನಾಗ ಹ್ಯಾಕರ್ ಹೊಡದ” ಅಂದ. “ಅಯ್ಯ, ಆಟ ಅಲ್ಲೇನ, ಬಿಡು” ಅಂತ ಒಬ್ಬರಲ್ಲ, ನಾಲ್ಕು ಮಂದಿ ಅಂದ್ವಿ. ಎಲ್ಲಾರಕಿಂತ ಜೋರಾಗಿ ಅಂದಾಕಿ ನಾನ. ಆ ಮಾತು ನಂಗ ತುಟ್ಟಿ ಬಿತ್ತು. ಅದಕ್ಕ ಇವತ್ತ ನಿಮ್ಮ ಜೋಡಿ ಜಗಳಾ ತಗೀಲಿಕ್ಕೇ ಕೂತೇನಿ.

ನಾವು ಸಣ್ಣವರಿದ್ದಾಗ ಚೌಕಾಬಾರ ಆಡೋವಾಗ ಯಾರರ ಬೆರಳಿಲೆ ಕವಡಿ ಹೊಳ್ಳಿಸಿದ್ರ ಸುಮ್ಮನಿರ್ತಿದ್ವೇನ್ರಿ? ಮೌಶಿ ಇರ್ಲಿ, ಸ್ವಂತ ಅತ್ತಿ ಇರ್ಲಿ, ಕೈ ಹಿಡದು “ಇನ್ನೊಮ್ಮೆ ಹಾಕು” ಅಂತಿದ್ವಿ. ಹಂಗಾರ ನೂರು ಮಂದಿ ಕೂಡಿ ಆಡೋ ಬಿಜಿಎಂಐನಂಥಾ ಬಂದೂಕಿನ ಆಟದಾಗ ಮೋಸ ಆದ್ರ ಮಾತ್ರ “ಬಿಡು” ಯಾಕ?

ಆ ಮೋಸ ಅಂದ್ರೇನು ಅಂತ ನಂಗೂ ಗೊತ್ತಿದ್ದಿಲ್ಲ. ಆಮ್ಯಾಲೆ ಮಗನ ಬಾಜೂಕ ಕೂತು ತಿಳಕೊಂಡೆ. ಗ್ವಾಡಿ ಹಿಂದ ಅಡಗಿದವ ನಮ್ಮ ಕಣ್ಣಿಗೆ ಕಾಣಂಗಿಲ್ಲ. ಆದ್ರ ಅವ ಹೊರಗ ಬಂದ ಕೂಡ್ಲೆ ತೋರಿಸಬೇಕಲ್ಲ, ಅದಕ್ಕ ಹತ್ತಿರ ಇದ್ದವರು ಎಲ್ಲೆ ನಿಂತಾರ ಅನ್ನೋ ಲೆಕ್ಕ ಸರ್ವರ್‌ದಿಂದ ಫೋನಿಗೆ ಮೊದಲ ಬಂದಿರ್ತದ. ಕಳ್ಳ ಪ್ರೋಗ್ರಾಂ ಆ ಲೆಕ್ಕ ಓದಿ ಗ್ವಾಡಿ ಮ್ಯಾಲೇ ಗೆರಿ ಎಳದು ತೋರಸ್ತದ. ಇದು ವಾಲ್‌ಹ್ಯಾಕ್. ಇನ್ನೊಂದು ಏಮ್‌ಬಾಟ್. ಗುರಿ ತಾನ ಹೋಗಿ ಎದುರಿನವನ ತಲಿಗೆ ಅಂಟಕೋತದ.

ಗುರುತು ಹಿಡೀಲಿಕ್ಕೂ ಬರ್ತದ. ನಾವು ಸತ್ತ ಮ್ಯಾಲೆ ಹೊಡದವನ ಆಟ ಕೂತು ನೋಡೋ ಸವಲತ್ತು ಇಂಥಾ ಭಾಳಷ್ಟು ಆಟದಾಗ ಅದ. ಅವನ ಗುರಿ ಗ್ವಾಡಿ ಆಚೆ ನಡ್ಯೋ ಮನಷ್ಯಾನ ಬೆನ್ನ ಹತ್ತಿ ಸರೀತದೇನು? ಒಬ್ಬನ ತಲಿಯಿಂದ ಇನ್ನೊಬ್ಬನ ತಲಿಗೆ ಝಟ್ ಅಂತ ಜಿಗೀತದೇನು? ಬಂದೂಕು ಹಾರಿಸಿದ್ರ ಕೈ ಮ್ಯಾಲೆ ಒದೀಬೇಕು. ದೂರದವನಿಗೆ ಸಾಲಾಗಿ ಗುಂಡು ಹೊಡದ್ರೂ ಅವನ ಗುರಿ ಒಂಚೂರೂ ಅಳ್ಳಾಡಂಗಿಲ್ಲೇನು? ಒಮ್ಮೆ ಆದ್ರ ನಶೀಬ. ಮ್ಯಾಲಿಂದ ಮ್ಯಾಲೆ ಆದ್ರ ಮೋಸ.

ಹಂಗಂತ ಸೋತಾಗೆಲ್ಲಾ “ಹ್ಯಾಕರ್” ಅಂತ ಚೀರೋದೂ ನ್ಯಾಯ ಅಲ್ಲ. ಕಿವ್ಯಾಗ ಇಯರ್‌ಫೋನ್ ಹಾಕ್ಕೊಂಡವಗ ನಮ್ಮ ಹೆಜ್ಜಿ ಸಪ್ಪಳ ಕೇಳ್ತದ. ಅವನ ಜೋಡಿದಾರ ನಮ್ಮನ್ನ ನೋಡಿ ಹೇಳಿರಬಹುದು. ನೆಟ್‌ವರ್ಕ್ ನಿಧಾನ ಇದ್ರ ನಮ್ಮ ಫೋನಿನಾಗ ನಾವು ಅಡಗಿರ್ತೀವಿ, ಸರ್ವರ್ ಲೆಕ್ಕದಾಗ ಇನ್ನೂ ಬೈಲಾಗ ನಿಂತಿರ್ತೀವಿ. ನಮ್ಮ ಹುಡುಗ ಐದು ಸಲ ಚೀರಿದ್ರ ಮೂರು ಸಲ ಇದ ಇರ್ತದ.

ಈಗ ತುಟ್ಟಿ ಬಿದ್ದ ಕಥಿ. ಶ್ರಾವಣ ಮುಗಿಯೋದ್ರಾಗ ನನ್ನ ಖಾತೆದಾಗಿಂದ ನಾಕ್ನೂರು ರೂಪಾಯಿ ಹೋಗಿತ್ತು. ಹುಡುಗ ಯಾರೋ ಗುರ್ತಿಲ್ಲದವನ ಕಡೆ ಆ ಕಳ್ಳ ಪ್ರೋಗ್ರಾಂ ಕೊಂಡು ಹಾಕ್ಕೊಂಡಿದ್ದ. ಅದು ಮೆಸೇಜ್ ಓದ್ಲಿಕ್ಕೆ ಪರವಾನಗಿ ಕೇಳಿತ್ತು, ಅವ ಕೊಟ್ಟಿದ್ದ. ಬ್ಯಾಂಕಿನ ಓಟಿಪಿ ಬರೋದು ಅದ ಫೋನಿಗೆ! ಮೂರನೇ ದಿನ ಅವನ ಗೇಮ್ ಖಾತೆನೂ ಬಂದ್ ಆತು. ನಾನು ಬೈಲಿಕ್ಕೆ ಬಾಯಿ ತಗದೆ. ಅವ ಏನಂದ ಗೊತ್ತೇನು? “ನೀನ ಅಂದಿದ್ದೆಲ್ಲವ್ವ, ಆಟ ಅಲ್ಲೇನಂತ. ಆಟದಾಗ ಮೋಸ ಮಾಡಿದ್ರೇನಾತು?”

ನನ್ನ ಬಾಯಿ ಅಲ್ಲೇ ಕಟ್ತು.

ಇದು ಬರೇ ಹುಡುಗರ ಮಾತಲ್ರೀ. 2018ರ ಅಕ್ಟೋಬರ್‌ದಾಗ ಶಾಂಘೈದಾಗ ಕೌಂಟರ್-ಸ್ಟ್ರೈಕ್ ಪಂದ್ಯ ಇತ್ತು. ಭಾರತದ ಒಂದು ತಂಡದ ಆಟಗಾರನ ಕಂಪ್ಯೂಟರಿನಾಗ ಇಂಥದ್ದ ಪ್ರೋಗ್ರಾಂ ಸಿಕ್ತು. ಅದಕ್ಕ ‘ವರ್ಡ್’ ಅಂತ ಹೆಸರಿಟ್ಟು ಬಚ್ಚಿಟ್ಟಿದ್ದ. ಅವಗ ಐದು ವರ್ಷ ನಿಷೇಧ ಆತು. ತಂಡಾನ ಪಂದ್ಯದಿಂದ ಹೊರಗ ಹಾಕಿದ್ರು, ಆಮ್ಯಾಲೆ ಆ ತಂಡಾನೇ ಬರಖಾಸ್ತು ಆತು. ಕವಡಿ ಹೊಳ್ಳಿಸಿದವ ಒಬ್ಬ, ಮಣಿ ಬಿಟ್ಟು ಎದ್ದವರು ಐದೂ ಮಂದಿ.

ಅದಕ್ಕ ಮುಂದಿನ ಸಲ ಮಗಾ ಅಳಕೋತ ಬಂದ್ರ “ಬಿಡು” ಅನಬ್ಯಾಡ್ರಿ. “ತೋರಸು” ಅನ್ರಿ. ಜೋಡಿ ಕೂತು ನೋಡ್ರಿ. ಖರೇ ಮೋಸ ಅನಿಸಿದ್ರ ಆಟದಾಗಿನ ರಿಪೋರ್ಟ್ ಗುಂಡಿ ಒತ್ತಿ, ಕಾರಣ ಸರಿಯಾಗಿ ಆರಿಸಿ ಕಳಸ್ರಿ. ಮೈಕಿನಾಗ ಬೈಗಳಾ ಬ್ಯಾಡ, ಬೈದವನ ಖಾತೆಗೂ ಕುತ್ತು ಬರ್ತದ. ಮೋಸಗಾರ ತನ್ನ ಗುಂಪಿನಾಗ ಕರದ್ರ “ಗೆಲ್ತೀವಲ್ಲ” ಅಂತ ಹೋಗೋದೂ ಬ್ಯಾಡ. ಕದ್ದವನ ತಾಟಿನಾಗ ಉಂಡವನೂ ಪಾಲುಗಾರನ. ಆಟಕ್ಕಂತ ಹೊರಗಿಂದ ಯಾವ ಫೈಲೂ ಫೋನಿಗೆ ಹಾಕೂದು ಬ್ಯಾಡ.

“ಆಟಾನ ಬಿಡಸು, ಪೀಡಾ ಹೋಗ್ತದ” ಅಂತ ನಮ್ಮ ವೈನಿ ಅಂತಾರ. ಹೊತ್ತು ಕಡಿಮಿ ಮಾಡೇನಿ, ವೈನಿ, ದಿನಾ ಒಂದು ತಾಸು. ಆದ್ರ ಮೋಸಕ್ಕ ಅಂಜಿ ಆಟ ಬಿಡಿಸಿದ್ರ, ನಾಳೆ ಪರೀಕ್ಷೆದಾಗ ಬಾಜೂದವ ಕಾಪಿ ಹೊಡದ್ರ ಸಾಲಿ ಬಿಡಸ್ತೀವೇನು? ಸೋತು ಬರ್ಲಿ, ಅಡ್ಡಿಯಿಲ್ಲ. ಕದ್ದು ಗೆದ್ದು ಬರೋದು ಬ್ಯಾಡ. ಇದನ್ನ ಹೇಳೋದು ಆಟದ ಕಂಪನಿ ಕೆಲಸ ಅಲ್ಲ, ನಂದು.